ಊಟದ ಕಾಯಿಲೆ, ಹಳೆಯ ಗಾಯ: ಚಿಕಿತ್ಸೆ ಕೊಡುವವರು ಸಿದ್ಧರಿದ್ದಾರಾ?

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಕಾಯಿಲೆ ಇರುವವರ ಬಗ್ಗೆ ಕಡಿಮೆ, ಅವರ ಎದುರಿನ ಕುರ್ಚಿಯಲ್ಲಿ ಕೂರುವವರ ಬಗ್ಗೆ ಜಾಸ್ತಿ. ಅಂದರೆ ಥೆರಪಿಸ್ಟ್‌ಗಳ ಬಗ್ಗೆ, ಕೌನ್ಸೆಲರ್‌ಗಳ ಬಗ್ಗೆ, ನನ್ನಂಥವರ ಬಗ್ಗೆ. ಸಭೆಯಲ್ಲಿ ವಿದ್ಯಾರ್ಥಿಗಳಿದ್ದೀರಿ. ಮನೆಯಲ್ಲಿ ಯಾರಿಗೋ ಇಂಥ ತೊಂದರೆ ಇದೆ ಅಂತ ಬಂದವರೂ ಇದ್ದೀರಿ. ಯಾವುದಾದರೂ ಮಾತು ಅರ್ಥವಾಗದಿದ್ದರೆ ಅಲ್ಲೇ ಕೈ ಎತ್ತಿ.

ಮೊದಲೇ ಹೇಳಿಬಿಡುತ್ತೇನೆ, ಲೈಂಗಿಕ ದೌರ್ಜನ್ಯದ ವಿಷಯ ಬರುತ್ತದೆ. ಘಟನೆಗಳ ವಿವರಕ್ಕೆ ನಾನು ಹೋಗುವುದಿಲ್ಲ. ಆದರೂ ಎದ್ದು ಹೊರಗೆ ಹೋಗಬೇಕು ಅನಿಸಿದರೆ ಹೋಗಿ. ಯಾಕೆ ಅಂತ ಯಾರೂ ಕೇಳುವುದಿಲ್ಲ.

ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ವಾರದಲ್ಲಿ ನಾಲ್ಕೈದು ರಾತ್ರಿ ಕೈಗೆ ಸಿಕ್ಕಿದ್ದೆಲ್ಲ ತಿನ್ನುತ್ತಾರೆ, ಆಮೇಲೆ ವಾಂತಿ ಮಾಡಿಕೊಳ್ಳುತ್ತಾರೆ. ಇದಕ್ಕೆ ಬುಲಿಮಿಯಾ ಅನ್ನುತ್ತೇವೆ. ಧೈರ್ಯ ಮಾಡಿ ಈಟಿಂಗ್ ಡಿಸಾರ್ಡರ್, ಅಂದರೆ ಊಟದ ಕಾಯಿಲೆ, ನೋಡುವ ಕ್ಲಿನಿಕ್ಕಿಗೆ ಹೋಗುತ್ತಾರೆ. ಮೂರನೇ ಸೆಷನ್ ಮುಗಿದು ಹೊರಡುವಾಗ, ಬಾಗಿಲ ಹತ್ತಿರ ನಿಂತು, ‘ಚಿಕ್ಕವಳಿದ್ದಾಗ ಮನೆಗೆ ಬರ್ತಿದ್ದ ಒಬ್ಬರು...’ ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದಿನ ವಾರ ಥೆರಪಿಸ್ಟ್ ಒಂದು ಚೀಟಿ ಬರೆದುಕೊಡುತ್ತಾರೆ. ‘ಇದು ಟ್ರಾಮಾ, ಅಂದರೆ ಮನಸ್ಸಿಗಾದ ಹಳೆಯ ಆಘಾತ. ನಾವಿಲ್ಲಿ ಅದನ್ನು ನೋಡುವುದಿಲ್ಲ. ಮೊದಲು ಅದಕ್ಕೆ ಚಿಕಿತ್ಸೆ ತೆಗೆದುಕೊಂಡು ಬನ್ನಿ.’ ಆಕೆ ಟ್ರಾಮಾ ಥೆರಪಿಸ್ಟ್ ಹತ್ತಿರ ಹೋಗುತ್ತಾರೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ: ‘ವಾಂತಿ ಇನ್ನೂ ನಿಂತಿಲ್ಲವಾ? ಹಾಗಾದರೆ ನೆನಪುಗಳನ್ನು ಕೆದಕುವುದು ಅಪಾಯ. ಮೊದಲು ಊಟ ಸರಿಮಾಡಿಕೊಂಡು ಬನ್ನಿ.’

ಇಬ್ಬರೂ ಕೆಟ್ಟವರಲ್ಲ. ತಮ್ಮ ತಮ್ಮ ತರಬೇತಿಯಲ್ಲಿ ಕಲಿತದ್ದನ್ನೇ ಹೇಳಿದ್ದಾರೆ. ಆದರೆ ಆಕೆಗೆ ಕೇಳಿಸುವುದು ಬೇರೆ: ನಿನ್ನನ್ನು ನೋಡುವುದು ನಮ್ಮ ಕೈಲಾಗುವುದಿಲ್ಲ. ಬಾಯಿಬಿಟ್ಟಿದ್ದೇ ತಪ್ಪಾಯಿತು ಅಂತ ಅಂದುಕೊಂಡು ಆಕೆ ಮನೆಗೆ ಹೋಗುತ್ತಾರೆ. ಬಾಲ್ಯದಲ್ಲಿ ಆಕೆಗೆ ಬೆದರಿಸಿ ಕಲಿಸಿದ್ದೂ ಇದನ್ನೇ ಇರಬಹುದು, ಬಾಯಿಬಿಟ್ಟರೆ ತಪ್ಪು ಅಂತ.

ಊಟವನ್ನೂ ಹಳೆಯ ಗಾಯವನ್ನೂ ಒಬ್ಬರಲ್ಲೇ, ಒಟ್ಟಿಗೆ, ಹೆದರದೆ ನೋಡಲು ಬರಬೇಕು. ಸಿದ್ಧತೆ ಅಂದರೆ ನನ್ನ ಪ್ರಕಾರ ಇದು. ಪುಸ್ತಕದಲ್ಲಿ ಎರಡೂ ಅಧ್ಯಾಯ ಓದಿಕೊಂಡಿದ್ದರೆ ಸಾಲದು.

ಇವೆರಡೂ ಒಟ್ಟಿಗೆ ಬರುವುದು ಎಷ್ಟು ಸಾಮಾನ್ಯ? ಅಮೆರಿಕದಲ್ಲಿ ಸುಮಾರು 3000 ಮಹಿಳೆಯರನ್ನು ಮಾತಾಡಿಸಿ ಮಾಡಿದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಬುಲಿಮಿಯಾ ಇದ್ದವರಲ್ಲಿ ಸುಮಾರು ಶೇ. 37ರಷ್ಟು ಮಂದಿಗೆ ಬದುಕಿನ ಯಾವುದೋ ಹಂತದಲ್ಲಿ ಪಿಟಿಎಸ್‌ಡಿ ಇತ್ತು. ಅಂದರೆ ಆಘಾತದ ನಂತರ ಬಿಡದೆ ಕಾಡುವ ನೆನಪು, ಭಯ, ಕೆಟ್ಟ ಕನಸುಗಳ ತೊಂದರೆ. ಊಟದ ತೊಂದರೆ ಇಲ್ಲದವರಲ್ಲಿ ಅದು ಶೇ. 12ರ ಆಸುಪಾಸು. ಬಲಾತ್ಕಾರಕ್ಕೆ ಒಳಗಾದವರ ಪ್ರಮಾಣವೂ ಬುಲಿಮಿಯಾ ಇದ್ದವರಲ್ಲಿ ಸುಮಾರು ಎರಡು ಪಟ್ಟು. ಇದು ಹೆಂಗಸರ ಲೆಕ್ಕ. ಗಂಡಸರಲ್ಲೂ ಎರಡೂ ಇವೆ. ಆದರೆ ಅವರನ್ನು ಎರಡರ ಬಗ್ಗೆಯೂ ಯಾರೂ ಕೇಳುವುದಿಲ್ಲ, ಅವರಾಗಿ ಹೇಳುವುದು ಇನ್ನೂ ಕಡಿಮೆ.

ಈ ಅಂಕಿಯನ್ನು ದಯವಿಟ್ಟು ತಲೆಕೆಳಗಾಗಿ ಓದಬೇಡಿ. ಆ ಅಧ್ಯಯನದಲ್ಲೇ ಬುಲಿಮಿಯಾ ಇದ್ದ ಹೆಚ್ಚಿನವರು ಬಲಾತ್ಕಾರದ ಬಗ್ಗೆ ಹೇಳಲಿಲ್ಲ. ಊಟದ ಕಾಯಿಲೆಗೆ ವಂಶವಾಹಿ ಕಾರಣವಿರಬಹುದು, ಕಟ್ಟುನಿಟ್ಟಿನ ಡಯಟ್ ಇರಬಹುದು, ದೇಹದ ಬಗ್ಗೆ ಕೇಳಿದ ಚುಚ್ಚುಮಾತು ಇರಬಹುದು. ‘ಈಟಿಂಗ್ ಡಿಸಾರ್ಡರ್ ಇದೆಯಾ? ಹಾಗಾದರೆ ನಿಮಗೆ ಏನೋ ಆಗಿರಲೇಬೇಕು’ ಅಂತ ಹೊರಡುವ ಥೆರಪಿಸ್ಟ್ ಕೂಡ ಸಿದ್ಧರಿಲ್ಲದ ಥೆರಪಿಸ್ಟೇ.

ಇದಕ್ಕೊಂದು ಪ್ರಸಿದ್ಧ ಮೊಕದ್ದಮೆ ಇದೆ. ರಮೋನಾ ಪ್ರಕರಣ, ಕ್ಯಾಲಿಫೋರ್ನಿಯಾದ ನಾಪಾ, 1994. ಬುಲಿಮಿಯಾಗೆ ಚಿಕಿತ್ಸೆ ಕೇಳಿಕೊಂಡು ಒಬ್ಬ ಯುವತಿ ಬಂದರು. ಬುಲಿಮಿಯಾ ಇರುವವರಲ್ಲಿ ಬಹುಪಾಲು ಜನ ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು ಅನ್ನುವ ಮಾತು ಚಿಕಿತ್ಸೆಯ ಆರಂಭದಲ್ಲೇ ಬಂತು. ತಿಂಗಳುಗಟ್ಟಲೆ ಥೆರಪಿ ನಡೆಯಿತು. ಸೋಡಿಯಂ ಅಮೈಟಾಲ್ ಎಂಬ ಮಂಪರು ಔಷಧಿ ಕೊಟ್ಟು ಸಂದರ್ಶನವನ್ನೂ ಮಾಡಿದರು. ತಂದೆಯ ಮೇಲೆ ಆರೋಪ ಬಂತು, ತಂದೆ ನಿರಾಕರಿಸಿದರು, ಚಿಕಿತ್ಸೆ ಕೊಟ್ಟವರ ಮೇಲೆ ಕೇಸು ಹಾಕಿದರು. ಜ್ಯೂರಿ ಚಿಕಿತ್ಸಕರ ನಿರ್ಲಕ್ಷ್ಯವನ್ನು ಎತ್ತಿಹಿಡಿದು ತಂದೆಗೆ ಸುಮಾರು 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಮಗಳು ತನ್ನ ಮಾತಿನಿಂದ ಹಿಂದೆ ಸರಿಯಲಿಲ್ಲ. ಆ ಮನೆಯೊಳಗೆ ಏನು ನಡೆದಿತ್ತು ಅಂತ ತೀರ್ಮಾನ ಮಾಡಲು ನಾವಿಲ್ಲಿ ಕೂತಿಲ್ಲ. ಉತ್ತರವನ್ನು ಮೊದಲೇ ಕಟ್ಟಿಕೊಂಡು ಪ್ರಶ್ನೆ ಕೇಳಿದರೆ, ಆಮೇಲೆ ಯಾವುದು ಆಕೆಯ ನೆನಪು, ಯಾವುದು ನಮ್ಮ ಸೂಚನೆ ಅಂತ ಬಿಡಿಸುವುದೇ ಕಷ್ಟವಾಗುತ್ತದೆ. ನಿಜವಾಗಿ ನೊಂದವರಿಗೂ ಇದರಿಂದ ಅನ್ಯಾಯವೇ.

ಸರಿ, ಸಂಬಂಧ ಇರುವ ಕಡೆ ಅದು ಹೇಗೆ ಕೆಲಸ ಮಾಡುತ್ತದೆ?

1980ರ ದಶಕದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನುವ ವೈದ್ಯರು ಸ್ಯಾನ್ ಡಿಯಾಗೋದಲ್ಲಿ ಬೊಜ್ಜು ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಅವರಿಗೊಂದು ಒಗಟು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ತಿಳಿಯಲು ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುತ್ತ ಹೋದರು. ಒಬ್ಬ ಹೆಂಗಸಿಗೆ ಮೊದಲ ಸಲ ಲೈಂಗಿಕ ಸಂಪರ್ಕ ಆದಾಗ ವಯಸ್ಸೆಷ್ಟು ಅಂತ ಕೇಳಬೇಕಿತ್ತು, ಬಾಯಿತಪ್ಪಿ ತೂಕ ಎಷ್ಟಿತ್ತು ಅಂತ ಕೇಳಿಬಿಟ್ಟರು. ಆಕೆ ಹೇಳಿದ್ದು ಒಂದು ಚಿಕ್ಕ ಮಗುವಿನ ತೂಕ. ಮುಂದೆ ಕೇಳಿದಂತೆಲ್ಲ ಇಂಥ ಕಥೆಗಳು ಮೇಲಿಂದ ಮೇಲೆ ಬಂದವು. ಕೆಲವರಿಗೆ ದಪ್ಪ ಮೈ ಒಂದು ರಕ್ಷಣೆಯಾಗಿತ್ತು, ಯಾರೂ ತಿರುಗಿ ನೋಡುವುದಿಲ್ಲ ಅನ್ನುವ ಧೈರ್ಯ. ತೂಕ ಇಳಿದಾಗ ಯಾರಾದರೂ ಮೈ ನೋಡಿ ಮಾತಾಡಿದರೆ ಭಯವಾಗಿ ಮತ್ತೆ ತಿನ್ನಲು ಶುರು ಮಾಡುತ್ತಿದ್ದರು. ಬಾಲ್ಯದ ಕಹಿ ಅನುಭವಗಳ ಬಗ್ಗೆ 1998ರಲ್ಲಿ ಬಂದ ದೊಡ್ಡ ಅಧ್ಯಯನ ಹುಟ್ಟಿದ್ದು ಈ ಒಗಟಿನಿಂದ. ಬೊಜ್ಜು ಅಂದರೆ ಈಟಿಂಗ್ ಡಿಸಾರ್ಡರ್ ಅಂತಲ್ಲ, ಎರಡನ್ನೂ ಬೆರೆಸಬೇಡಿ. ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ನಾವು ಕಾಯಿಲೆ ಅಂತ ಕರೆಯುವುದು ಅವರಿಗೆ ಪರಿಹಾರವೂ ಆಗಿರಬಹುದು.

ಅನೊರೆಕ್ಸಿಯಾ, ಅಂದರೆ ತೂಕದ ಭಯದಿಂದ ಊಟ ಬಿಡುವ ಕಾಯಿಲೆಯಲ್ಲೂ ಇದು ಕಾಣುತ್ತದೆ. ಊಟ ಬಿಟ್ಟಾಗ ಮೈ ಚಿಕ್ಕದಾಗುತ್ತದೆ, ಮುಟ್ಟು ನಿಲ್ಲಬಹುದು, ಹೆಣ್ಣಿನ ದೇಹದ ಗುರುತುಗಳು ಮಾಸುತ್ತವೆ. ಮೈಯಿಂದಲೇ ಅಪಾಯ ಬಂತು ಅಂತ ನಂಬಿದವರಿಗೆ ಇದು ನೆಮ್ಮದಿ ಕೊಡಬಹುದು. ಬಿಂಜ್ ಮಾಡುವಾಗ, ಅಂದರೆ ತಡೆಯಲಾಗದೆ ಒಂದೇ ಸಮನೆ ತಿನ್ನುವಾಗ, ಮನಸ್ಸು ಮರಗಟ್ಟುತ್ತದೆ, ಒಂದಷ್ಟು ಹೊತ್ತು ಏನೂ ಅನಿಸುವುದಿಲ್ಲ. ವಾಂತಿಯಾದ ಮೇಲೆ ಒಳಗಿದ್ದ ಕೊಳಕು ಹೋಯಿತು ಅನ್ನುವ ಭಾವನೆ. ಒಂದು ಸಂಗತಿಯನ್ನು ಹಲವರು ಗಮನಿಸುವುದೇ ಇಲ್ಲ. ಬಾಯಿ, ಗಂಟಲು, ಒಂದು ರುಚಿ, ಒಂದು ವಾಸನೆ, ಬಾಯಲ್ಲಿ ಏನೋ ಮೆತ್ತಗೆ ಇರುವ ಅನುಭವ, ಇವು ನೇರವಾಗಿ ಹಳೆಯ ನೆನಪಿಗೆ ಅಂಟಿಕೊಂಡಿರಬಹುದು. ಡಯಟಿಷಿಯನ್ ಕೊಟ್ಟ ಪಟ್ಟಿಯಲ್ಲಿ ಒಂದೇ ಒಂದು ಪದಾರ್ಥವನ್ನು ಆಕೆ ಪ್ರತಿ ಸಲ ಬಿಟ್ಟರೆ, ಫೈಲಿನಲ್ಲಿ ‘ನೆಪ ಹೇಳುತ್ತಾರೆ’ ಅಂತ ಬರೆಯುತ್ತೇವೆ. ಸುಮ್ನೆ ಒಂದು ಸಲ ಕೇಳಬಹುದಿತ್ತು, ಅಲ್ವಾ? ‘ಇದೊಂದೇ ಯಾಕೆ ಕಷ್ಟ?’

ಇಲ್ಲಿಯವರೆಗೆ ಹೇಳಿದ್ದು ಊಟದ ಕಡೆಯವರು ಕಲಿಯಬೇಕಾದದ್ದು. ಟ್ರಾಮಾ ಕಡೆಯವರು ಕಲಿಯಬೇಕಾದದ್ದು ಹಸಿವಿನ ಬಗ್ಗೆ.

1944ರ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ಶುರು ಮಾಡಿದರು. ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರು ಸ್ವಂತ ಇಚ್ಛೆಯಿಂದ ಬಂದಿದ್ದರು. ಎಲ್ಲರೂ ಗಟ್ಟಿಮುಟ್ಟು, ಮನಸ್ಸಿನಲ್ಲೂ ದೇಹದಲ್ಲೂ. ಅವರಿಗೆ 6 ತಿಂಗಳು ಅರೆಹೊಟ್ಟೆ ಊಟ. ಏನಾಯಿತು ಗೊತ್ತಾ? ಇಡೀ ದಿನ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದರು. ಸಿಡುಕು, ಮಂಕು, ಜನ ಬೇಡ ಅನ್ನುವ ಭಾವ, ಲೈಂಗಿಕ ಆಸಕ್ತಿ ಮಾಯ, ಯಾವುದರಲ್ಲೂ ಗಮನ ನಿಲ್ಲದು. ಮತ್ತೆ ಊಟ ಕೊಡಲು ಶುರು ಮಾಡಿದಾಗ ಕೆಲವರಿಗೆ ಎಷ್ಟು ತಿಂದರೂ ಸಾಕು ಅನಿಸಲಿಲ್ಲ.

ಈಗ ಟ್ರಾಮಾ ಥೆರಪಿಸ್ಟ್ ಎದುರು ಒಬ್ಬರು ಕೂತಿದ್ದಾರೆ. ಮುಖದಲ್ಲಿ ಭಾವನೆ ಇಲ್ಲ. ಯಾರ ಹತ್ತಿರವೂ ಸೇರುವುದಿಲ್ಲ. ಸ್ಪರ್ಶ ಬೇಡ. ನಿದ್ದೆ ಇಲ್ಲ. ಎಲ್ಲವೂ ದೌರ್ಜನ್ಯದ ಪರಿಣಾಮ ಅಂತ ಬರೆದುಕೊಳ್ಳುವುದು ಸುಲಭ. ಅದರಲ್ಲಿ ಅರ್ಧ ಬರೀ ಹಸಿವೇ ಆಗಿರಬಹುದು. ಇನ್ನೊಂದು ತೊಡಕೂ ಇದೆ. ನೆನಪುಗಳ ಜೊತೆ ಕೆಲಸ ಮಾಡುವ ಯಾವ ಥೆರಪಿಗೂ ಗಮನ ಬೇಕು, ಒಂದು ಯೋಚನೆಯನ್ನು ಹಿಡಿದು ಇನ್ನೊಂದರ ಜೊತೆ ಹೋಲಿಸಿ ನೋಡುವ ಶಕ್ತಿ ಬೇಕು. ಹಸಿದ ಮಿದುಳಿಗೆ ಅದು ಆಗುವುದಿಲ್ಲ. ಹಾಗಾಗಿ ಟ್ರಾಮಾ ಥೆರಪಿಸ್ಟ್ ಕೂಡ ಪ್ರತಿ ಸೆಷನ್‌ನಲ್ಲಿ ಕೇಳಬೇಕು: ‘ಇವತ್ತು ಏನು ತಿಂದಿದ್ದೀರಿ?’

ಎಲ್ಲಕ್ಕಿಂತ ಜಾಸ್ತಿ ಜನ ಎಡವುವ ಜಾಗ ಬೇರೆ. ಊಟದ ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದೆ ಅಂದುಕೊಳ್ಳಿ. ಹೊತ್ತುಹೊತ್ತಿಗೆ ತಿನ್ನುತ್ತಿದ್ದಾರೆ, ವಾಂತಿ ಕಡಿಮೆಯಾಗಿದೆ. ಎಲ್ಲರಿಗೂ ಖುಷಿ. ಆಮೇಲೆ ಇದ್ದಕ್ಕಿದ್ದಂತೆ ಆಕೆ ಸೆಷನ್ ತಪ್ಪಿಸುತ್ತಾರೆ. ಬಂದರೂ ಕಣ್ಣು ಕೊಟ್ಟು ಮಾತಾಡುವುದಿಲ್ಲ. ರಾತ್ರಿ ನಿದ್ದೆ ಇಲ್ಲ, ಕೆಟ್ಟ ಕನಸು. ಎರಡು ವಾರದಲ್ಲಿ ವಾಂತಿ ಮತ್ತೆ ಶುರು. ತಂಡದ ಮೀಟಿಂಗಿನಲ್ಲಿ ‘ಸಹಕರಿಸುತ್ತಿಲ್ಲ’ ಅಂತ ಯಾರೋ ಹೇಳುತ್ತಾರೆ.

ಆದದ್ದು ಬೇರೆ. ಇಷ್ಟು ವರ್ಷ ನೆನಪುಗಳನ್ನು ಅದುಮಿಟ್ಟಿದ್ದು ಆ ಬಿಂಜು, ಆ ವಾಂತಿ, ಆ ಉಪವಾಸ. ನಾವು ಅದನ್ನು ತೆಗೆದೆವು. ನೆನಪುಗಳು ಎದ್ದವು. ಚಿಕಿತ್ಸೆ ಸೋತಿದೆ ಅಂತ ಇದಕ್ಕೆ ಅರ್ಥವಲ್ಲ. ಅದು ಕೆಲಸ ಮಾಡಿದ್ದರಿಂದಲೇ ಹೀಗಾಯಿತು. ಆದರೆ ಮೊದಲೇ ಹೇಳದಿದ್ದರೆ ಆಕೆಗೆ ಹುಚ್ಚು ಹಿಡಿದಂತೆ ಅನಿಸುತ್ತದೆ. ಸಿದ್ಧರಿರುವ ಥೆರಪಿಸ್ಟ್ ಎರಡನೇ ಮೂರನೇ ಸೆಷನ್‌ನಲ್ಲೇ ಹೇಳಿಬಿಡುತ್ತಾರೆ: ‘ಊಟ ಸರಿಯಾಗುತ್ತ ಬಂದಾಗ ಕೆಲವರಿಗೆ ಹಳೆಯ ನೆನಪು, ಭಯ ಜಾಸ್ತಿಯಾಗಬಹುದು. ಹಾಗಾದರೆ ನನಗೆ ಹೇಳಿ. ಅದಕ್ಕೆ ನಾವು ಮೊದಲೇ ಒಂದಷ್ಟು ತಯಾರಿ ಮಾಡಿಕೊಳ್ಳೋಣ.’ ತಯಾರಿ ಅಂದರೆ ದೊಡ್ಡದೇನಲ್ಲ. ನೆನಪು ಮೇಲೆ ಬಿದ್ದಾಗ ಕಾಲನ್ನು ನೆಲಕ್ಕೆ ಒತ್ತಿ ಸುತ್ತ ಕಾಣುವ ವಸ್ತುಗಳ ಹೆಸರು ಹೇಳುವುದು, ರಾತ್ರಿ ಯಾರಿಗೆ ಫೋನ್ ಮಾಡಬಹುದು ಅಂತ ಬರೆದಿಟ್ಟುಕೊಳ್ಳುವುದು. ಊಟ ಕೆಡದಂತೆ ಆ ಕೆಲವು ವಾರ ದಾಟಿಸುವುದೇ ಕೆಲಸ.

ಇನ್ನು ಕೇಳುವ ಬಗೆ. ಥೆರಪಿಸ್ಟ್‌ಗಳು ಕೇಳುವುದಿಲ್ಲ, ಯಾಕೆಂದರೆ ನೋವಾಗಬಹುದು ಅನ್ನುವ ಭಯ. ಬಂದವರು ಹೇಳುವುದಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ಈ ಮರ್ಯಾದೆಯ ಮೌನದಲ್ಲಿ ವರ್ಷಗಳು ಹೋಗುತ್ತವೆ. ನನ್ನ ಅಭಿಪ್ರಾಯದಲ್ಲಿ ಎಲ್ಲರನ್ನೂ ಕೇಳಬೇಕು, ಒಂದೇ ರೀತಿ ಕೇಳಬೇಕು, ಯಾಕೆ ಕೇಳುತ್ತೇವೆ ಅಂತ ಹೇಳಿ ಕೇಳಬೇಕು. ಹೀಗೆ: ‘ಇಲ್ಲಿಗೆ ಬರುವ ಎಲ್ಲರನ್ನೂ ಇದನ್ನು ಕೇಳುತ್ತೇನೆ. ಉತ್ತರ ಕೊಡಲೇಬೇಕು ಅಂತಿಲ್ಲ, ಇವತ್ತೇ ಕೊಡಬೇಕು ಅಂತಲೂ ಇಲ್ಲ. ನಿಮಗೆ ಇಷ್ಟವಿಲ್ಲದೆ ಯಾರಾದರೂ ನಿಮ್ಮನ್ನು ಮುಟ್ಟಿದ್ದು, ಅಥವಾ ಬೇಡವಾದದ್ದನ್ನು ಮಾಡಿಸಿದ್ದು, ಯಾವತ್ತಾದರೂ ಆಗಿದೆಯಾ?’ ‘ಅತ್ಯಾಚಾರ ಆಗಿದೆಯಾ’ ಅಂತ ಕೇಳಿದರೆ ಹಲವರು ಇಲ್ಲ ಅನ್ನುತ್ತಾರೆ. ತಮಗಾದದ್ದನ್ನು ಅವರು ಯಾವತ್ತೂ ಆ ಹೆಸರಿನಿಂದ ಕರೆದಿರುವುದಿಲ್ಲ. ಮನೆಯವರ ಎದುರು ಕೇಳಬೇಡಿ. ಸೆಷನ್ನಿನ ಕೊನೆಯ ಐದು ನಿಮಿಷದಲ್ಲಂತೂ ಕೇಳಲೇಬೇಡಿ. ಯಾವುದನ್ನು ಗುಟ್ಟಾಗಿ ಇಡಲು ಆಗುವುದಿಲ್ಲ ಅನ್ನುವುದನ್ನೂ ಕೇಳುವ ಮೊದಲೇ ಹೇಳಬೇಕು. ಈಗ ಒಂದು ಮಗುವಿಗೆ ಅಪಾಯ ಇದ್ದರೆ ವರದಿ ಮಾಡಲೇಬೇಕು ಅಂತ ಎಷ್ಟೋ ದೇಶಗಳ ಕಾನೂನು ಹೇಳುತ್ತದೆ. ಎಲ್ಲ ಹೇಳಿಸಿಕೊಂಡ ಮೇಲೆ ಅದನ್ನು ತಿಳಿಸಿದರೆ ಅದು ಮೋಸ.

ಹೇಳಿದರು ಅನ್ನಿ. ಆ ಮೊದಲ ಅರ್ಧ ನಿಮಿಷದಲ್ಲಿ ಅವರು ನೋಡುವುದು ನಮ್ಮ ಮುಖವನ್ನು. ಪೆನ್ನು ಎತ್ತಿದೆವಾ, ಗಡಿಯಾರ ನೋಡಿದೆವಾ, ಕಣ್ಣು ದೊಡ್ಡದು ಮಾಡಿದೆವಾ. ಆಗ ವಿವರ ಕೇಳಬೇಡಿ. ಯಾರು, ಎಲ್ಲಿ, ಎಷ್ಟು ಸಲ, ಇದೆಲ್ಲ ಪೊಲೀಸರ ಪ್ರಶ್ನೆಗಳು. ಮಹಿಳೆಯರ ಮೇಲಿನ ಹಿಂಸೆಯ ವಿಷಯದಲ್ಲಿ ಆರೋಗ್ಯ ಕಾರ್ಯಕರ್ತರಿಗೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಒಂದು ಕೈಪಿಡಿ ಕೊಟ್ಟಿತು. ಅದರ ಸಾರ ಬಹಳ ಸರಳ: ಕೇಳಿಸಿಕೊಳ್ಳಿ, ಈಗ ಏನು ಬೇಕು ಅಂತ ವಿಚಾರಿಸಿ, ಅವರ ಮಾತಿಗೆ ಬೆಲೆ ಕೊಡಿ, ಸುರಕ್ಷತೆ ನೋಡಿ, ನೆರವು ಸಿಗುವ ಕಡೆ ಸೇರಿಸಿ. ‘ಹೇಳಿದ್ದು ಒಳ್ಳೆಯದಾಯಿತು. ಅದು ನಿಮ್ಮ ತಪ್ಪಲ್ಲ. ಈಗ ನೀವು ಸುರಕ್ಷಿತವಾಗಿದ್ದೀರಾ?’ ಅಷ್ಟು ಸಾಕು. ರಮೋನಾ ಪ್ರಕರಣದ ಎಚ್ಚರಿಕೆಗೂ ಇದಕ್ಕೂ ಜಗಳವೇನಿಲ್ಲ. ಅವರು ಹೇಳಿದ್ದನ್ನು ಗೌರವದಿಂದ ತೆಗೆದುಕೊಳ್ಳುವುದು ಒಂದು, ಅವರು ಹೇಳದ್ದನ್ನು ಅವರ ಬಾಯಿಗೆ ಹಾಕುವುದು ಇನ್ನೊಂದು.

ಈಗ ಚಿಕಿತ್ಸೆಯ ಕೋಣೆಯೊಳಗೆ ಬರೋಣ. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ.

ಈಟಿಂಗ್ ಡಿಸಾರ್ಡರ್ ಚಿಕಿತ್ಸೆಯಲ್ಲಿ ತೂಕ ನೋಡುವುದು ಇದ್ದೇ ಇದೆ. ಸಾಮಾನ್ಯವಾಗಿ ಹೇಗೆ ನಡೆಯುತ್ತದೆ? ‘ಚಪ್ಪಲಿ ಬಿಡಿ. ಜಾಕೆಟ್ ತೆಗೆಯಿರಿ. ಹತ್ತಿ. ಅಲುಗಾಡಬೇಡಿ.’ ಬಾಗಿಲು ಮುಚ್ಚಿದೆ. ಹೇಳುವವರು ಹಿಂದೆ ನಿಂತಿದ್ದಾರೆ. ಈ ನಾಲ್ಕು ಮಾತನ್ನು ದೌರ್ಜನ್ಯ ಕಂಡವರ ಕಿವಿಯಿಂದ ಒಮ್ಮೆ ಕೇಳಿ ನೋಡಿ. ಹೇಳುವವರಿಗೆ ಇದು ದಿನದ ಹತ್ತನೇ ತೂಕ. ಕೇಳುವವರ ಮೈ ಆಗಲೇ ಮರಗಟ್ಟಿದೆ.

ಅದೇ ಕೆಲಸ ಹೀಗೂ ಆಗಬಹುದು. ‘ಇವತ್ತು ತೂಕ ನೋಡಬೇಕು. ಯಾಕೆ ಅಂತ ಮೊದಲು ಹೇಳುತ್ತೇನೆ. ಯಾವ ಬಟ್ಟೆಯಾದರೂ ಸರಿ, ಪ್ರತಿ ವಾರ ಅಂಥದ್ದೇ ತೆಳುವಾದದ್ದು ಇದ್ದರೆ ಸಾಕು. ಬಾಗಿಲು ಹಾಕಲಾ, ಸ್ವಲ್ಪ ತೆರೆದಿರಲಾ? ನಾನು ಇಲ್ಲಿ ಪಕ್ಕದಲ್ಲಿ, ನಿಮಗೆ ಕಾಣುವ ಹಾಗೆ ನಿಂತಿರುತ್ತೇನೆ. ಸಾಕು ಅನಿಸಿದರೆ ಇಳಿದುಬಿಡಿ.’ ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಆಕೆಯ ಮೈಗೆ ಸಂಬಂಧಿಸಿದ ಒಂದು ಕೆಲಸ ಆಕೆಯ ಒಪ್ಪಿಗೆಯಿಂದ ನಡೆಯಿತು. ಕೆಲವರ ಬದುಕಿನಲ್ಲಿ ಇದು ಹೊಸ ಅನುಭವ.

ಇಲ್ಲೊಂದು ತಿರುವೂ ಇದೆ. ‘ಪಾಪ, ಅವರಿಗೆ ಕಷ್ಟವಾಗುತ್ತದೆ’ ಅಂತ ತೂಕ ನೋಡುವುದನ್ನೇ ಬಿಟ್ಟುಬಿಡುವ ಥೆರಪಿಸ್ಟ್‌ಗಳೂ ಇದ್ದಾರೆ. ಅದು ಕರುಣೆಯ ಹಾಗೆ ಕಾಣುತ್ತದೆ. ಆದರೆ ತೂಕ ಅಪಾಯದ ಮಟ್ಟಕ್ಕೆ ಇಳಿದಿದ್ದು ಯಾರಿಗೂ ಗೊತ್ತಾಗದೆ ಹೋಗಬಹುದು. ಆಕೆಗೂ ಒಂದು ಪಾಠ ಹೋಗುತ್ತದೆ: ನನ್ನ ಮೈ ನೋಡಲು ಇವರಿಗೂ ಹೆದರಿಕೆ.

ಊಟವಾದ ಮೇಲೆ ಬಾತ್‌ರೂಮಿನ ಹೊರಗೆ ಯಾರಾದರೂ ನಿಲ್ಲುವುದು, ದೇಹ ಪರೀಕ್ಷೆ, ಕನ್ನಡಿಯ ಎದುರು ನಿಲ್ಲಿಸುವ ಅಭ್ಯಾಸ, ಎಲ್ಲಕ್ಕೂ ಇದೇ ಮಾತು. ಅತಿ ಕಷ್ಟದ್ದು ಮೂಗಿನ ಮೂಲಕ ನಳಿಕೆ ಹಾಕಿ ಆಹಾರ ಕೊಡುವುದು. ಜೀವಕ್ಕೇ ಅಪಾಯ ಬಂದಾಗ ಕೆಲವು ಸಲ ಒಪ್ಪಿಗೆ ಇಲ್ಲದೆಯೂ, ಕೈ ಹಿಡಿದು, ಅದನ್ನು ಮಾಡಬೇಕಾಗುತ್ತದೆ. ಉಳಿಸಲು ಮಾಡಿದ್ದು ನಿಜ. ಆಕೆಯ ಮೈಗೆ ಮಾತ್ರ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಕೋಣೆಯಲ್ಲಿ ಯಾರಿರಬೇಕು, ಹೆಂಗಸರಾ ಗಂಡಸರಾ, ಯಾರು ಮಾತಾಡುತ್ತಿರಬೇಕು, ಮುಗಿದ ಮೇಲೆ ಯಾರು ಬಂದು ಪಕ್ಕದಲ್ಲಿ ಕೂರಬೇಕು, ಇದೆಲ್ಲ ಮೊದಲೇ ಆಕೆಯನ್ನೇ ಕೇಳಿ ಬರೆದಿಟ್ಟಿರಬೇಕು. ಆಮೇಲೆ ಅದರ ಬಗ್ಗೆ ಕೂತು ಮಾತಾಡಬೇಕು. ಏನೂ ಆಗಿಲ್ಲ ಅನ್ನುವಂತೆ ಮುಂದಿನ ಊಟದ ವಿಷಯಕ್ಕೆ ಹೋಗುವ ಆಸ್ಪತ್ರೆಗಳೇ ಜಾಸ್ತಿ ಅನ್ನುವುದು ನನ್ನ ದೂರು.

ಹಾಗಾದರೆ ಯಾವುದು ಮೊದಲು? ಊಟವಾ, ನೆನಪಾ? ಹೃದಯ, ರಕ್ತದ ಲವಣಗಳು, ಆತ್ಮಹತ್ಯೆಯ ಅಪಾಯ, ಇವು ಯಾವಾಗಲೂ ಮೊದಲು. ಪದೇಪದೇ ವಾಂತಿಯಾದರೆ ಅಥವಾ ಭೇದಿ ಮಾತ್ರೆ ತೆಗೆದುಕೊಂಡರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ಬಹಳ ದಿನ ಹಸಿದವರಿಗೆ ಒಮ್ಮೆಲೇ ಊಟ ಕೊಟ್ಟರೆ ಫಾಸ್ಫೇಟ್ ಕುಸಿದು ಜೀವ ಹೋಗಬಹುದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಕೈದಿಗಳಲ್ಲಿ ವೈದ್ಯರು ಇದನ್ನು ಕಂಡಿದ್ದರು. ಥೆರಪಿಸ್ಟ್ ರಕ್ತಪರೀಕ್ಷೆ ಓದಬೇಕಿಲ್ಲ. ತಲೆ ಸುತ್ತಿ ಬಿದ್ದರು, ಎದೆ ಡವಗುಟ್ಟುತ್ತದೆ, ದಿನಾ ವಾಂತಿ, ತೂಕ ಬೇಗ ಇಳಿಯುತ್ತಿದೆ ಅಂದರೆ ಅವತ್ತೇ ವೈದ್ಯರ ಹತ್ತಿರ ಕಳಿಸಬೇಕು ಅಂತ ಗೊತ್ತಿದ್ದರೆ ಸಾಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ನೋಡಿದಾಗ, ಅನೊರೆಕ್ಸಿಯಾ ಇದ್ದು ತೀರಿಕೊಂಡವರಲ್ಲಿ ಐವರಲ್ಲಿ ಒಬ್ಬರ ಸಾವು ಆತ್ಮಹತ್ಯೆಯಿಂದ ಆಗಿತ್ತು. ಸಾಯಬೇಕು ಅನಿಸುತ್ತದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಆ ಅಪಾಯ ಇಲ್ಲದಿದ್ದರೆ ‘ಪೂರ್ತಿ ಗುಣವಾದ ಮೇಲೆ ನೆನಪಿನ ಕೆಲಸ’ ಅಂತ ಕಾಯಬೇಕಿಲ್ಲ. ಪೂರ್ತಿ ಗುಣವಾಗಲು ಬಿಡದೆ ಇರುವುದೇ ಆ ನೆನಪು ಆಗಿರಬಹುದಲ್ಲ. ಟೊರಾಂಟೊದಲ್ಲಿ ಕ್ಯಾಥರಿನ್ ಟ್ರೊಟಿಯರ್ ಮತ್ತು ಸಂಗಡಿಗರು ಊಟದ ಥೆರಪಿ ಮತ್ತು ಪಿಟಿಎಸ್‌ಡಿ ಥೆರಪಿಯನ್ನು ಸೇರಿಸಿ ಒಂದು ಸಣ್ಣ ಪ್ರಯೋಗ ಮಾಡಿದರು. ಬರೀ ಊಟದ ಥೆರಪಿ ಸಿಕ್ಕವರಿಗಿಂತ ಎರಡೂ ಸಿಕ್ಕವರಲ್ಲಿ ಪಿಟಿಎಸ್‌ಡಿ ಚೆನ್ನಾಗಿ ಕಡಿಮೆಯಾಯಿತು. ಪ್ರಯೋಗ ಸಣ್ಣದು, ದೊಡ್ಡ ಮಾತು ಬೇಡ. ಆದರೆ ಕೆದಕಿದರೆ ಎಲ್ಲ ಕುಸಿಯುತ್ತದೆ ಅನ್ನುವ ಭಯಕ್ಕೆ ಅದು ಬೆಂಬಲ ಕೊಡುವುದಿಲ್ಲ. ಪಿಟಿಎಸ್‌ಡಿ ಚಿಕಿತ್ಸೆಯಲ್ಲಿ ಎಡ್ನಾ ಫೋವಾ ಮತ್ತು ಸಂಗಡಿಗರು 2002ರಲ್ಲಿ ಇದನ್ನೇ ನೋಡಿದ್ದರು. ನೆನಪಿನ ಕೆಲಸ ಶುರುವಾದಾಗ ಲಕ್ಷಣ ಹೆಚ್ಚಾದವರು ಕೆಲವರೇ. ಹಾಗೆ ಹೆಚ್ಚಾದವರೂ ಕೊನೆಗೆ ಉಳಿದವರಷ್ಟೇ ಸುಧಾರಿಸಿದರು.

ಅಂದರೆ ಭಯ ಯಾರದ್ದು? ಬಹಳ ಸಲ ನಮ್ಮದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಗ್ಲೆನ್ ವಾಲರ್ 2009ರಲ್ಲಿ ಇದರ ಬಗ್ಗೆ ಕಟುವಾಗಿ ಬರೆದರು. ತರಬೇತಿ ಪಡೆದ ಥೆರಪಿಸ್ಟ್‌ಗಳೂ ಕಷ್ಟದ ಭಾಗ ಬಂದಾಗ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಾರೆ, ಹಿತವಾದ ಮಾತುಕತೆಯಲ್ಲಿ ಗಂಟೆ ಕಳೆಯುತ್ತಾರೆ. ‘ಅವರಿನ್ನೂ ತಯಾರಿಲ್ಲ’ ಅಂತ ನೋಟ್ಸಿನಲ್ಲಿ ಬರೆಯುತ್ತೇವಲ್ಲ, ಎಷ್ಟೋ ಸಲ ತಯಾರಿಲ್ಲದವರು ನಾವೇ ಆಗಿರುತ್ತೇವೆ. ನಮಗೂ ಒಂದು ಮೈ ಇದೆ, ಊಟದ ಜೊತೆ ನಮ್ಮದೇ ಜಗಳ ಇರಬಹುದು, ನಮ್ಮದೇ ಹಳೆಯ ಗಾಯ ಇರಬಹುದು. ಇದ್ದರೆ ಈ ಕೆಲಸ ಮಾಡಬಾರದು ಅಂತಲ್ಲ. ಬಚ್ಚಿಟ್ಟುಕೊಂಡು ಮಾಡಬಾರದು. ದಿನವಿಡೀ ಇಂಥ ಕಥೆ ಕೇಳಿದವರಲ್ಲಿ ಲೋಕದ ಮೇಲಿನ ನಂಬಿಕೆಯೇ ಬದಲಾಗುತ್ತದೆ ಅಂತ ಮಕ್ಯಾನ್ ಮತ್ತು ಪರ್ಲ್‌ಮನ್ 1990ರಲ್ಲೇ ಬರೆದಿದ್ದಾರೆ. ಸೂಪರ್‌ವಿಷನ್, ಅಂದರೆ ನಮ್ಮ ಕೆಲಸವನ್ನು ಅನುಭವಿಗಳ ಎದುರು ಇಟ್ಟು ಸಲಹೆ ಪಡೆಯುವುದು, ಹೊಸಬರಿಗೆ ಮಾತ್ರ ಅನ್ನುವ ಜಂಬವನ್ನು ನಾವು ಬಿಡಬೇಕು.

ತರಬೇತಿಯ ಸ್ಥಿತಿ ಕೇಳಿದರೆ ಬೇಜಾರಾಗುತ್ತದೆ. ಬ್ರಿಟನ್ನಿನ ವೈದ್ಯಕೀಯ ಕಾಲೇಜುಗಳನ್ನು ವಿಚಾರಿಸಿ 2018ರಲ್ಲಿ ಒಂದು ಅಧ್ಯಯನ ಬಂತು. ಇಡೀ ಪದವಿಯಲ್ಲಿ ಈಟಿಂಗ್ ಡಿಸಾರ್ಡರ್ ಬಗ್ಗೆ ಪಾಠ ಸರಾಸರಿ 2 ಗಂಟೆಗೂ ಕಡಿಮೆ. ಇದು ವೈದ್ಯರ ಲೆಕ್ಕ, ಥೆರಪಿಸ್ಟ್‌ಗಳದ್ದಲ್ಲ. ಆದರೆ ನಮ್ಮ ಕೋರ್ಸುಗಳಲ್ಲೂ ಊಟದ ಕಾಯಿಲೆ ಒಂದು ಪಾಠ, ಟ್ರಾಮಾ ಇನ್ನೊಂದು ಪಾಠ. ಕಲಿಸುವವರು ಬೇರೆ ಬೇರೆ, ಪರೀಕ್ಷೆಯೂ ಬೇರೆ ಬೇರೆ. ಎರಡೂ ಇರುವ ಒಬ್ಬ ಮನುಷ್ಯರು ಸಿಲಬಸ್ಸಿನಲ್ಲಿ ಎಲ್ಲೂ ಸಿಗುವುದಿಲ್ಲ. ವಾರಾಂತ್ಯದ ವರ್ಕ್‌ಶಾಪ್ ಮಾಡಿ ಸರ್ಟಿಫಿಕೇಟ್ ತೆಗೆದುಕೊಂಡರೆ ಧೈರ್ಯ ಬರುತ್ತದೆ, ಕೈ ಪಳಗುವುದಿಲ್ಲ. ನಾನು ಕೇಳುವುದು ಇಷ್ಟು: ಒಪ್ಪಿಗೆ ಕೇಳಿ ತೂಕ ನೋಡುವ ಆ ಮಾತುಗಳನ್ನು, ದೌರ್ಜನ್ಯದ ಬಗ್ಗೆ ಕೇಳುವ ಆ ಪ್ರಶ್ನೆಯನ್ನು, ಒಬ್ಬರನ್ನೊಬ್ಬರು ಎದುರು ಕೂರಿಸಿಕೊಂಡು ಬಾಯಿಬಿಟ್ಟು ಅಭ್ಯಾಸ ಮಾಡಿ. ಅಲ್ಲಿ ತಡವರಿಸಿದರೆ ಪರವಾಗಿಲ್ಲ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸುತ್ತೇನೆ.

ಮಗಳ ಜೊತೆ ಬಂದಿದ್ದ ಒಬ್ಬ ತಾಯಿ ಕೇಳಿದರು: ‘ಥೆರಪಿಸ್ಟ್ ಸಿದ್ಧರಿದ್ದಾರೆ ಅಂತ ನಮಗೆ ಹೇಗೆ ಗೊತ್ತಾಗಬೇಕು?’ ಮೊದಲ ಭೇಟಿಯಲ್ಲೇ ಕೇಳಿ ಅಮ್ಮ. ಈಟಿಂಗ್ ಡಿಸಾರ್ಡರ್ ಇರುವವರನ್ನು ನೋಡಿದ್ದೀರಾ? ಟ್ರಾಮಾಗೆ ಯಾವ ರೀತಿಯ ಥೆರಪಿ ಮಾಡುತ್ತೀರಿ? ಎರಡೂ ಇದ್ದರೆ ಏನು ಮಾಡುತ್ತೀರಿ? ಯಾವ ವೈದ್ಯರ ಜೊತೆ ಸೇರಿ ಕೆಲಸ ಮಾಡುತ್ತೀರಿ? ಈ ಪ್ರಶ್ನೆಗಳಿಗೆ ಸಿಟ್ಟಾಗುವವರನ್ನು ಬಿಟ್ಟುಬಿಡಿ. ‘ಇದರಲ್ಲಿ ನನಗೆ ಅನುಭವ ಕಡಿಮೆ, ಆದರೆ ಅನುಭವ ಇರುವವರ ಸೂಪರ್‌ವಿಷನ್ ತೆಗೆದುಕೊಂಡು ಮಾಡುತ್ತೇನೆ’ ಅನ್ನುವವರನ್ನು ನಾನಾದರೆ ನಂಬುತ್ತೇನೆ. ಮಗಳ ಹತ್ತಿರ ಏನಾಯಿತು ಅಂತ ಒತ್ತಾಯ ಮಾಡಿ ಹೇಳಿಸಬೇಡಿ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಅನ್ನುವುದು ಅವರಿಗೆ ಬಿಟ್ಟದ್ದು.

ಇನ್ನೊಬ್ಬರು ಶಾಲೆಯೊಂದರ ಕೌನ್ಸೆಲರ್. ‘ನನಗೆ ಎರಡರಲ್ಲೂ ತರಬೇತಿ ಇಲ್ಲ. ನಾನು ರೆಫರ್ ಮಾಡಲೇಬೇಕು. ಹಾಗಾದರೆ ನಾನೂ ಆ ಚೀಟಿ ಕೊಟ್ಟವರ ಸಾಲಿಗೇ ಸೇರಿದೆನಲ್ಲ?’ ಒಳ್ಳೆಯ ಪ್ರಶ್ನೆ. ರೆಫರ್ ಮಾಡುವುದು ತಪ್ಪಲ್ಲ, ಕೈಬಿಡುವುದು ತಪ್ಪು. ಮುಂದಿನವರಿಗೆ ನೀವೇ ಫೋನ್ ಮಾಡಿ, ಎರಡೂ ಇರುವವರನ್ನು ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಪತ್ರದಲ್ಲಿ ಏನು ಬರೆಯುತ್ತೀರಿ ಅಂತ ಬಂದವರಿಗೆ ಓದಿ ಹೇಳಿ, ಅವರು ಬೇಡ ಅಂದ ಸಾಲನ್ನು ತೆಗೆಯಿರಿ. ದೌರ್ಜನ್ಯದ ವಿವರ ಪತ್ರದಲ್ಲಿ ಬೇಕಿಲ್ಲ. ವಿದ್ಯಾರ್ಥಿ ಚಿಕ್ಕವರಾಗಿದ್ದರೆ ವರದಿಯ ವಿಷಯದಲ್ಲಿ ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೋ ಅದನ್ನು ಪಾಲಿಸಿ, ಆದರೆ ಅವರಿಗೆ ಗೊತ್ತಿಲ್ಲದೆ ಮಾಡಬೇಡಿ. ಅಲ್ಲಿ ಮೊದಲ ಭೇಟಿ ಆಗುವವರೆಗೆ ನಿಮ್ಮ ಭೇಟಿಗಳನ್ನು ನಿಲ್ಲಿಸಬೇಡಿ. ವಾರಕ್ಕೆ ಒಂದು ಸಲ ಇಪ್ಪತ್ತು ನಿಮಿಷ ಕೂತು, ಊಟ ಮಾಡಿದರಾ, ನಿದ್ದೆ ಬಂತಾ ಅಂತ ಕೇಳಿದರೂ ಆಗುತ್ತದೆ. ಮೊದಲ ಭೇಟಿಯಾದ ಮೇಲೆ ಇನ್ನೊಂದು ಸಲ ಕರೆದು, ಅಲ್ಲಿ ಹೇಗಿತ್ತು ಅಂತ ವಿಚಾರಿಸಿ. ಹೊಂದಲಿಲ್ಲ ಅಂದರೆ ಬೇರೆಯವರನ್ನು ಹುಡುಕಲು ಅವರ ಜೊತೆಗಿರಿ.